ಇಪ್ಪತ್ತೆಂಟು ಜೋಡಿ

ಜೂನ್ 14, ಶನಿವಾರ
ಕ್ಲಬ್ಬಿನಿಂದ ಬಂದು ಶೂ ಬಿಚ್ಚಿದೆ. ಮತ್ತೆ ಅದೇ ಜೋಡಿ — ಇವರು ಮತ್ತು ಹಲ್ಲಿನ ಡಾಕ್ಟರಮ್ಮ. ಹೋದ ಶನಿವಾರವೂ ಅದೇ. ನನ್ನ ಪಾಲಿಗೆ ಬ್ಯಾಂಕ್ ಮ್ಯಾನೇಜರ್. ಶಟಲ್ ಬಂದರೆ ಕಣ್ಣು ಮುಚ್ಚುವ ಮಹಾನುಭಾವ.

ಎಂಟು ಜನ ನಾವು. ಎಂಟು ರಟ್ಟಿನ ಚೀಟಿ, ಒಂದು ಬಟ್ಟೆ ಚೀಲ. ಸೆಕ್ರೆಟರಿ ಅಂತ ಕೈ ಹಾಕುವುದು ಇವರೇ. ಎರಡೆರಡು ತೆಗೆದರೆ ಡಬಲ್ಸ್ ಜೋಡಿ ಆಯಿತು. ನಮ್ಮಿಬ್ಬರ ಹೆಸರು ಒಟ್ಟಿಗೆ ಬಂದು ಯಾವ ಕಾಲವಾಯಿತೋ...

ಡಾಕ್ಟರಮ್ಮ ನಕ್ಕರೆ ಮೂವತ್ತೆರಡೂ ಕಾಣುತ್ತವೆ. ಪಾಯಿಂಟ್ ಬಂದಾಗಲೆಲ್ಲ ಇವರ ಅಂಗೈಗೆ ಅಂಗೈ ಬಡಿಯುತ್ತಾಳೆ. ಹೊಟ್ಟೆ ಉರಿಯಿತು. ಬರೆದೇ ಬಿಡುತ್ತೇನೆ — ಉರಿಯಿತು.

ದಾರಿಯಲ್ಲಿ, ಮತ್ತೆ ಅವರೇನಾ ಅಂದೆ. ಅಷ್ಟೇ.

"ಚೀಟಿ ನಾನೇನು ನೋಡ್ಕೊಂಡು ತೆಗೀತೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಜೂನ್ 15
ಒಲೆ ಮುಂದೆಯೇ ಲೆಕ್ಕ. ಎಂಟರಲ್ಲಿ ಇಬ್ಬರು. ಎಂಟೇಳಲೆ ಐವತ್ತಾರು. ಇವರು-ಅವಳು, ಅವಳು-ಇವರು ಎರಡೂ ಒಂದೇ ಜೋಡಿ, ಹಾಗಾಗಿ ಅರ್ಧ. ಇಪ್ಪತ್ತೆಂಟು. ಇಪ್ಪತ್ತೆಂಟರಲ್ಲಿ ಒಂದು, ಅದೂ ಎರಡು ವಾರ ಸತತ — ಏಳುನೂರ ಎಂಬತ್ತನಾಲ್ಕಕ್ಕೆ ಒಂದು ಸಲ ಆಗುವ ಮಾತು!

ಇವರು ಕರೆಂಟ್ ಬಿಲ್ಲಿನ ಮೂಲೆ ಮಡಚುತ್ತ ಕೂತಿದ್ದರು. ಕೈಗೆ ಸಿಕ್ಕ ಕಾಗದಕ್ಕೆಲ್ಲ ಪುಟ್ಟ ಕಿವಿ ಮಾಡುವ ಚಾಳಿ. ಅಡುಗೆಗೆ ಉಪ್ಪು ಮರೆತೆ. ಸೊಲ್ಲೆತ್ತದೆ ತಿಂದರು. ಅದಕ್ಕೂ ಅನುಮಾನ.

ಜೂನ್ 16
ಕಾಲೇಜಿನಲ್ಲೂ ಇದೇ ಪಾಠ. ಕ್ಲಬ್ಬಿನ ಲೆಕ್ಕವನ್ನೇ, ಹೆಸರಿಲ್ಲದೆ, ಬೋರ್ಡಿಗೆ ಹಾಕಿದೆ. ಅರ್ಧಕ್ಕೆ ಕೈ ನಿಂತಿತು. ಸಂಜೆಗೆ ಒಂದೇ ಜೋಡಿ ಅಲ್ಲವಲ್ಲ! ಎಂಟೂ ಜನ ಆಡುತ್ತೇವೆ, ನಾಲ್ಕು ಜೋಡಿ. ಇಪ್ಪತ್ತೆಂಟರಲ್ಲಿ ನಾಲ್ಕು ಅಂದರೆ ಏಳರಲ್ಲಿ ಒಂದು. ಎರಡು ವಾರಕ್ಕೆ ನಲವತ್ತೊಂಬತ್ತರಲ್ಲಿ ಒಂದು. ಆಗಬಹುದು, ಧಾರಾಳವಾಗಿ ಆಗಬಹುದು.

ಇಷ್ಟು ವರ್ಷ ಪಾಠ ಮಾಡಿದವಳು, ಹೊಟ್ಟೆಕಿಚ್ಚಿನಲ್ಲಿ ಮೂರು ಜೋಡಿ ನುಂಗಿದ್ದೆ. ಪಾಪ, ಇವರು. ನಾನು ಇವರಿಗೆ ಜೋಡಿಯಾಗುವುದಕ್ಕೂ ಅದೇ ಏಳರಲ್ಲಿ ಒಂದು. ರಾತ್ರಿ ಇವರಿಗಿಷ್ಟದ ಅಡುಗೆ ಮಾಡಿದೆ.

ಜೂನ್ 21, ಶನಿವಾರ
ಮತ್ತೆ ಅವಳೇ.

ಜೂನ್ 22, ಮಧ್ಯಾಹ್ನ
ಇವರು ಮಲಗಿದ್ದಾರೆ. ಚೀಲ ಇವರ ಕಿಟ್‌ನಲ್ಲೇ ಇತ್ತು. ಚೀಟಿಗಳನ್ನು ಮೇಜಿನ ಮೇಲೆ ಸುರಿದೆ. ಎಲ್ಲ ನಾನೇ ಕತ್ತರಿಸಿ, ನಾನೇ ಹೆಸರು ಬರೆದವು. ಆರು ನೆಟ್ಟಗಿವೆ. ಎರಡಕ್ಕೆ ಮೂಲೆಯಲ್ಲಿ ಪುಟ್ಟ ಕಿವಿ. ಒಂದು ಇವರದು. ಇನ್ನೊಂದು ಡಾಕ್ಟರಮ್ಮನದು.

ಎಬ್ಬಿಸಿ ಕೇಳೋಣ ಅಂತ ಎದ್ದೆ. ಮತ್ತೆ ಕೂತೆ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾರೆ, ನಾನು ನಂಬುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಅವಳ ಚೀಟಿ ಹರಿದೆ. ರಟ್ಟು ಕತ್ತರಿಸಿ ಅವಳಿಗೆ ಹೊಸದು ಬರೆದೆ, ಮೂಲೆ ನೆಟ್ಟಗೆ. ನನ್ನ ಚೀಟಿಗೆ ಕಿವಿ ಮಡಚಿದೆ. ಎಲ್ಲ ಚೀಲಕ್ಕೆ ತುಂಬಿ ಇದ್ದಲ್ಲೇ ಇಟ್ಟೆ.

ಜೂನ್ 28, ಶನಿವಾರ
ಇವರು ಚೀಲಕ್ಕೆ ಕೈ ಹಾಕಿದರು. ಮುಖ ಮೇಲೆ, ಕಣ್ಣು ಮುಚ್ಚಿ — ಎಂಥ ಸಾಧು! ಕೈ ಹೊರಗೆ ಬರುವ ಮೊದಲೇ ಡಾಕ್ಟರಮ್ಮ ರ‍್ಯಾಕೆಟ್ ಹಿಡಿದು ಇವರ ಪಕ್ಕಕ್ಕೆ ಬಂದು ನಿಂತಳು.

ಮೊದಲ ಚೀಟಿ. ತಮ್ಮ ಹೆಸರು ಓದಿದರು. ಎರಡನೆಯದನ್ನು ಓದದೆ ಹಿಡಿದುಕೊಂಡೇ ನಿಂತರು.

"ಯಾರ್ದ್ರೀ, ಓದಿ" ಅಂದೆ.

ನನ್ನ ಹೆಸರು ಓದಿದರು. ಬೆರಳು ಆ ಮಡಚಿದ ಮೂಲೆಯನ್ನು ಸವರುತ್ತಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಆ ಮುಖ — ಕುಂಬಳಕಾಯಿ ಕಳ್ಳನದೇ.