ಅಪ್ಪನ ಹೆಸರಿನ ಸೀಗಡಿ

ಪಿಲ್ಸೆನ್, ಮಂಗಳವಾರ

ಪ್ರೀತಿಯ ಅಕ್ಕ,

ಈ ಕಾರ್ಡು ಕೈಸೇರಿದ ಕೂಡಲೇ ಕಲ್ಲು ಕೆತ್ತುವ ರುಪ್ರೆಕ್ಟನಿಗೆ ಫೋನ್ ಮಾಡು. ಅಮ್ಮ ಎಷ್ಟೇ ಆಸೆಪಟ್ಟಿದ್ದರೂ ಅಪ್ಪನ ಸಮಾಧಿಯ ಕಲ್ಲಿನ ಮೇಲೆ ಸೀಗಡಿಯ ಹೆಸರು ಬೇಡ.

ನಿನ್ನೆ ಇಲ್ಲಿನ ಮ್ಯೂಸಿಯಮ್ಮಿನ ಹಳೆಯ ಕಪಾಟಿನಲ್ಲಿ ಅದೇ ಸೀಗಡಿ ಸಿಕ್ಕಿತು. ಅಪ್ಪ ಗಣಿಯಿಂದ ಊಟದ ಡಬ್ಬಿಯಲ್ಲಿ ತಂದಿದ್ದನಲ್ಲ, ಅಂಥದ್ದೇ ಕಪ್ಪು ಪದರಗಲ್ಲಿನಲ್ಲಿ ಅಚ್ಚೊತ್ತಿದ, ಎಂದೋ ಕಲ್ಲಾಗಿಹೋದ ಸಿಹಿನೀರಿನ ಸೀಗಡಿ. ಉಗುರಿನಷ್ಟೇ ಉದ್ದ, ಬಾಲದ ಮುಳ್ಳುಗಳೂ ಹಾಗೇ. ಅಪ್ಪ ಹುಟ್ಟುವ ಮೊದಲೇ ಅದಕ್ಕೆ ಯಾರೋ ಬೇರೆ ಹೆಸರಿಟ್ಟಿದ್ದಾರೆ. ಎರಡೂ ಒಂದೇ ಜಾತಿ ಎಂದು ಈಗ ನಾನೇ ಬರೆಯಬೇಕು. ನಮ್ಮ ಸೀಗಡಿಗೆ ನಾನು ಇಟ್ಟಿದ್ದ ಅಪ್ಪನ ಹೆಸರು ಹೋಗುತ್ತದೆ.

ಕಪಾಟು ನೋಡಿಕೊಳ್ಳುವ ಬೊಝೆನಾ, "ಮೊದಲಿಟ್ಟ ಹೆಸರೇ ನಿಲ್ಲೋದು ಕಣಮ್ಮ. ನಿಮ್ಮಪ್ಪ ಲೇಟಾಗಿ ಹುಟ್ಟಿದ್ರೆ ನನ್ ಮೇಲ್ಯಾಕೆ ಮುಖ ಊದಿಸ್ಕೋತೀಯ?" ಎಂದಳು. ನಾನು ಅಳುವುದು ಕಂಡು ಸೀಗಡಿಯ ಡಬ್ಬಿಯಲ್ಲಿದ್ದ ಹೆಸರಿನ ಚೀಟಿ ಎತ್ತಿದಳು. ಕೆಳಗೆ, ತಪ್ಪೆಂದು ಕೈಬಿಟ್ಟ ಹಳೆಯ ಹೆಸರುಗಳ ಚೀಟಿಗಳು ಹಾಗೇ ಇದ್ದವು. "ಎಸೀತೀವಾ ನಾವು? ನಿಮ್ ಮ್ಯೂಸಿಯಮ್ಮಲ್ಲೂ ಹಿಂಗೇ ಅಲ್ವಾ? ಹೊಸದರ ಅಡಿಗೆ ಇಡೋದು, ಅಷ್ಟೇ."

ನನ್ನ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಅಮ್ಮನಿಗೆ ನೀನು ಹೇಳಬೇಡ, ನಾನೇ ಬಂದು ಹೇಳುತ್ತೇನೆ. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.

ನಿನ್ನ ಗೆರ್ಲಿಂಡೆ

ಅಂಚಿನಲ್ಲಿ ಬರೆಯುತ್ತಿದ್ದೇನೆ: ಮೇಲೆ ಬರೆದದ್ದು ಬಿಡು. ರುಪ್ರೆಕ್ಟ್ ಆ ಹೆಸರು ಕೆತ್ತಲಿ. ಆದರೆ ಕಲ್ಲಿನ ಬುಡದಲ್ಲಿ, ಮಣ್ಣಿನೊಳಗೆ ಹೋಗುವ ಕಡೆ.