ಕಣ್ಣಿಗೆ ಎರಚಿದ ಖಾರ

ತಮ್ಮಾ ಯಲ್ಲೇಶ,

ನಿನ್ನನ್ನು ಕೊಂದವನ ವಿಷಯದಲ್ಲಿ ಬಾಲನ್ಯಾಯ ಮಂಡಳಿ ಏನು ಹೇಳಿತೆಂದು ಕೇಳಿಕೊಂಡು ನಾನೂ ಅವ್ವನೂ ಹಾವೇರಿಯಿಂದ ಈಗಷ್ಟೇ ಬಂದೆವು. ಅವನಿಗಿನ್ನೂ ಹದಿನೇಳಂತೆ. ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿಲ್ಲವಂತೆ. ಹಾಗಾಗಿ ದೊಡ್ಡವರ ಕೋರ್ಟಿಗೆ ಕಳಿಸುವುದಿಲ್ಲ. ಹೆಚ್ಚೆಂದರೆ ಮೂರು ವರ್ಷ ಸುಧಾರಣಾ ಗೃಹ. ಅವನ ಹೆಸರನ್ನು ಯಾರೂ ಎತ್ತಕೂಡದಂತೆ. ರಕ್ತದಲ್ಲಿ ಬಿದ್ದ ನಿನ್ನ ಫೋಟೊ ಮಾತ್ರ ಊರವರೆಲ್ಲರ ಮೊಬೈಲಿನಲ್ಲಿದೆ.

ಇದೆಂಥ ಕಾನೂನು? ನಾನು ಕೊಡಿಸಿದ ಬೈಕಿನ ಜಗಳಕ್ಕೆ ಚಾಕು ಹಾಕುವ ಮೊದಲು ಅವನು ನಿನ್ನ ಕಣ್ಣಿಗೆ ಖಾರದ ಪುಡಿ ಎರಚಿದ. ಪರಿಣಾಮ ತಿಳಿಯದೆ ಎರಚಿದನೇ? ನಮ್ಮ ಬ್ಯಾಡಗಿಯಲ್ಲಿ ತೊಟ್ಟಿಲ ಕೂಸಿಗೂ ಅದು ಗೊತ್ತು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ತಾಯಿ ಕೈಗೆ ಎಣ್ಣೆ ತಿಕ್ಕಿ ತೊಳೆಯುವವರೆಗೆ ಮಗುವನ್ನು ಮುಟ್ಟುವುದಿಲ್ಲ. ಅವನ ತಾಯಿಯೂ ನಮ್ಮವ್ವನ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸಿದವಳು.

"ಹುಡುಗುಬುದ್ಧಿ ಐತ್ರಿ," ಎಂದರು ಅವನ ವಕೀಲರು. ನನ್ನ ಮೈ ಉರಿದುಹೋಯಿತು.

ಅವ್ವ ಇವತ್ತು ಕೆಲಸದಿಂದ ನೇರ ಬಸ್ಸು ಹತ್ತಿದ್ದಳು. ಹೊರಗೆ ಬಂದು ಅಳುತ್ತ ಅದೇ ಕೈಯಿಂದ ಕಣ್ಣೊರೆಸಿಕೊಂಡು ಚೀರಿದಳು. ನಾನು ನೀರಿಗೆ ಓಡಿದೆ. ಅಷ್ಟರಲ್ಲಿ ಪೊಲೀಸರು ಅವನನ್ನು ಕರೆದುಕೊಂಡು ಹೊರಟಿದ್ದರು. ನಿನ್ನ ಜೊತೆ ನಮ್ಮ ಮನೆಯಲ್ಲಿ ಕೂತು ಉಣ್ಣುತ್ತಿದ್ದಾಗಿನ ಅದೇ ದನಿಯಲ್ಲಿ ಅವನು ಕೂಗಿದ:

"ದೊಡ್ಡವ್ವಾ, ಕಣ್ಣ ತಿಕ್ಕೋಬ್ಯಾಡ! ಇನ್ನೂ ಜಾಸ್ತಿ ಉರಿತಾವ!"

ಒಳಗೆ ಕೂತ ಮಂಡಳಿಯವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.