ಗುಬ್ಬಿ ವಾರ್ತೆ ಓದಿದ್ದು

ಮನೆಯಿಂದ,
ಜೂನ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಕಾಲು ಹೇಗಿದೆ? ಕಟ್ಟು ಬಿಚ್ಚಿದರಾ? ಅವರನ್ನು ಎತ್ತಿ ಕೂರಿಸುವಾಗ ನಿನ್ನ ಸೊಂಟದ ಕಡೆಗೂ ಸ್ವಲ್ಪ ಗಮನ ಇರಲಿ, ನೀನೂ ಹಾಸಿಗೆ ಹಿಡಿದರೆ ನಿಮ್ಮಿಬ್ಬರನ್ನೂ ನೋಡಿಕೊಳ್ಳುವವರು ಯಾರು? ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ನಾನು ಮಾಡಿದ ಸಾರನ್ನು ಮುಖ ಸಿಂಡರಿಸದೆ ಉಣ್ಣುವಷ್ಟು ಪಳಗಿದ್ದಾರೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಚಿಕ್ಕವಳು ಗುಬ್ಬಿ ನನ್ನ ಭುಜಕ್ಕೇ ಅಂಟಿಕೊಂಡಿರುತ್ತಾಳೆ. ಅವಳ ಕಿವಿಗೆ ಬೀಳಬಾರದೆಂದು ಬರೆಯುತ್ತಿದ್ದೇನೆ.

ವಾರ್ತೆ ಓದಲು ಕಲಿಸುವ ನಮ್ಮ ಸಂಜೆ ತರಗತಿಯ ಮೂರು ತಿಂಗಳು ಮುಗಿಯಿತು. ಮೊದಲ ಅರ್ಧ ಮಾಧ್ಯಮ ಪರಿಚಯ: ಯಾವುದು ಸುದ್ದಿ, ಯಾವುದು ಜಾಹೀರಾತು, ಒಂದೇ ಘಟನೆಯನ್ನು ಇಬ್ಬರು ಎರಡು ಥರ ಯಾಕೆ ಹೇಳುತ್ತಾರೆ, ಹೇಳದೆ ಬಿಟ್ಟದ್ದು ಏನು. ಎರಡು ನೋಟ್‌ಬುಕ್ ತುಂಬಿಸಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಗುಬ್ಬಿ ಪೆನ್ನನ್ನೂ ತರುತ್ತಿರಲಿಲ್ಲ. ಅವಳು ಬಂದದ್ದಾದರೂ ಯಾಕೆ? ನನಗೆ ಜೊತೆಗಿರಲೆಂದು ನೀನೇ ಕಳಿಸಿದೆ. ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದವಳನ್ನು ನೋಡಿ ವಾರ್ತೆ ಮೇಷ್ಟ್ರು, ಇಪ್ಪತ್ತು ವರ್ಷ ರೇಡಿಯೋದಲ್ಲಿ ಓದಿದವರು, ಹೇಗೂ ಬಂದಿದ್ದೀಯಲ್ಲ ಎಂದು ಹಾಜರಿಯಲ್ಲಿ ಅವಳ ಹೆಸರನ್ನೂ ಸೇರಿಸಿಕೊಂಡರು.

ಎರಡನೇ ಅರ್ಧ ಓದುವ ತರಬೇತಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಸಾವಿನ ಸುದ್ದಿಯಿಂದ ಕ್ರೀಡೆಗೆ ಮುಖ ಹೇಗೆ ಬದಲಾಗಬೇಕು. ಗಂಟಲಿಗಾಗಿ ನಾನು ಮೂರು ತಿಂಗಳು ಬರೀ ಬಿಸಿನೀರು ಕುಡಿದೆ, ಐಸ್‌ಕ್ರೀಮ್ ಮುಟ್ಟಲಿಲ್ಲ. ನನ್ನ ಪಾಲಿನದನ್ನೂ ಗುಬ್ಬಿಯೇ ತಿಂದಳು. ತಿಂದವಳು ಬಾಯಿ ಒರೆಸಿಕೊಂಡು ಒಂದು ಪುಟ ಓದಿದಳು ಅಮ್ಮಾ, ಹಿಂದೆ ಹರಟುತ್ತಿದ್ದವರೂ ಮುಂದಕ್ಕೆ ಬಾಗಿ ಕೇಳಿದರು. ನನ್ನ ಓದಿಗೆ ಮೇಷ್ಟ್ರು "ಒಂದು ತಪ್ಪೂ ಇಲ್ಲ" ಅಂದರು. ಅಷ್ಟೇ. ಅವಳ ಓದಿಗೆ ಕನ್ನಡಕ ತೆಗೆದು ಒರೆಸಿಕೊಂಡರು. ಸ್ಕೂಲಿನ ದಿನಗಳಿಂದ ಬಾಚಣಿಗೆ ಹಿಡಿದು ಕನ್ನಡಿ ಮುಂದೆ ವಾರ್ತೆ ಓದಿದವಳು ನಾನು. ಅವಳು ಆಗ ನನ್ನ ಹಿಂದೆ ನಿಂತು ನಗುತ್ತಿದ್ದಳು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ನನಗೆ ಹೊಟ್ಟೆಕಿಚ್ಚು. ತಂಗಿ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಹೊಟ್ಟೆ ಧಗಧಗ ಉರಿಯುತ್ತದೆ. ಅಪ್ಪನಂತೂ ಈಗ ಟಿವಿಯ ಸದ್ದು ನಿಲ್ಲಿಸಿ ಗುಬ್ಬಿಯ ಬಾಯಲ್ಲೇ ವಾರ್ತೆ ಹೇಳಿಸುತ್ತಾರೆ. ನಾನು ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿಯೇ ತೊಳೆಯುತ್ತೇನೆ.

ಕಳೆದ ಶುಕ್ರವಾರ ಕೊನೆಯ ಪರೀಕ್ಷೆ. ಗೋಡೆಗೆಲ್ಲ ಹಳೆ ಕಂಬಳಿ ಬಡಿದ ಉಗ್ರಾಣವೇ ನಮ್ಮ ಸ್ಟುಡಿಯೋ. ಕ್ಯಾಮೆರಾದ ಮುಂದೆ ಒಂದು ಗಾಜು, ಅದರ ಮೇಲೆ ಅಕ್ಷರಗಳು ಮೇಲಕ್ಕೆ ಸರಿಯುತ್ತಾ ಹೋಗುತ್ತವೆ, ಎದುರಿಗೆ ಕೂತವರು ಅದನ್ನು ನೋಡಿ ಓದುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ಒಂದು ಪುಟ್ಟ ಚಕ್ರ ತಿರುಗಿಸಿ ಆ ಅಕ್ಷರಗಳನ್ನು ಸರಿಸಬೇಕು. "ಚಕ್ರದವರು ಓದೋರ ಉಸಿರಿನ ಹಿಂದೆ ಹೋಗ್ಬೇಕು, ಮುಂದೆ ಅಲ್ಲ" ಎಂದು ಮೇಷ್ಟ್ರು ದಿನಾ ಹೇಳುತ್ತಿದ್ದರು. ಗುಬ್ಬಿ ಓದುವಾಗ ಚಕ್ರಕ್ಕೆ ನನ್ನ ಸರದಿ. ಸೇತುವೆ ಮುಚ್ಚಿದ ಸುದ್ದಿ ಬರುವಾಗ ಚಕ್ರ ಸ್ವಲ್ಪ ಜಾರಿ ನಾಲ್ಕೈದು ಸಾಲು ಸರ್ರನೆ ಓಡಿಹೋಯಿತು. ಗುಬ್ಬಿ ತಬ್ಬಿಬ್ಬಾಗಲಿಲ್ಲ. "ಕ್ಷಮಿಸಿ" ಅಂದು ಕೈಯಲ್ಲಿದ್ದ ಕಾಗದದ ಮೇಲೆ ಬೆರಳಿಟ್ಟು ಜಾಗ ಹುಡುಕಿ, ತಲೆಯೆತ್ತಿ, ಏನೂ ಆಗದವಳ ಹಾಗೆ ಸೇತುವೆ ದಾಟಿಬಿಟ್ಟಳು. ನೋಡಲು ಬಂದಿದ್ದ ಟಿವಿ ಕೇಂದ್ರದ ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಈ ಎದೆಗಾರಿಕೇನ ಯಾರೂ ಕಲಿಸೋಕಾಗಲ್ಲ" ಅಂದರು. ಮೇಷ್ಟ್ರು ನನ್ನ ಕಡೆ ನೋಡುವಷ್ಟರಲ್ಲಿ ಗುಬ್ಬಿಯೇ ಅಡ್ಡ ಬಂದು, "ಅಕ್ಕಂದೇನೂ ತಪ್ಪಿಲ್ಲ ಸಾರ್, ಮಿಷನ್ನೇ ಹಳೇದು" ಅಂದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಆಶೀರ್ವಾದ ಇಬ್ಬರಿಗೂ ಇರಲಿ, ನನಗೆ ಒಂದು ಚೂರು ಜಾಸ್ತಿ.

ಇಂತಿ,
ನಿನ್ನ ದೊಡ್ಡವಳು

ತಾ.ಕ.: ಅಮ್ಮಾ, ಲಕೋಟೆ ಅಂಟಿಸಲು ಹೋದವಳು ಮತ್ತೆ ತೆಗೆದೆ. ಚಕ್ರ ಜಾರಲಿಲ್ಲ, ನಾನೇ ತಿರುಗಿಸಿದೆ. ಇಪ್ಪತ್ತನೇ ತಾರೀಖು ಟಿವಿ ಕೇಂದ್ರದಲ್ಲಿ ಗುಬ್ಬಿ ಓದಬೇಕು, ಈ ಸಲ ನೇರಪ್ರಸಾರ, ಊರೆಲ್ಲ ನೋಡುತ್ತದೆ. ಕೈಗೆ ಕಾಗದ ಕೊಡುವುದಿಲ್ಲವಂತೆ, ಗಾಜೊಂದೇ. ಚಕ್ರಕ್ಕೆ ಯಾರಿರಲಿ ಎಂದು ಆ ಅಧಿಕಾರಿ ಕೇಳಿದರೆ ಈ ಪೆದ್ದಿ "ನಮ್ಮಕ್ಕನೇ ಇರ್ಲಿ, ನನ್ ಉಸಿರು ಅವಳಿಗೇ ಗೊತ್ತು" ಅಂದಿದ್ದಾಳೆ. ಒಲ್ಲೆ ಅಂದರೆ ಯಾಕೆ ಅನ್ನುತ್ತಾಳೆ, ಏನು ಹೇಳಲಿ? ದೊಡ್ಡಮ್ಮನನ್ನು ಎತ್ತಲು ಒಬ್ಬಳ ಕೈಲಿ ಆಗುತ್ತಿಲ್ಲ ಎಂದು ಅಪ್ಪನಿಗೆ ಫೋನ್ ಮಾಡು. ಹದಿನೆಂಟರೊಳಗೆ ನನ್ನನ್ನು ಅಲ್ಲಿಗೆ ಕರೆಸಿಕೋ. ನನ್ನೊಬ್ಬಳನ್ನೇ.